ಹಡಗಿಲ್ಲದ ದಡಕ್ಕೆ ಯಾಕೆ ಹೋಗಬೇಕು?

ಹರಪನಹಳ್ಳಿ ತಾಲ್ಲೂಕಿನ ನೀಲಗುಂದಕ್ಕೂ ಕಡಲಿಗೂ ನೇರ ಸಂಬಂಧವಿಲ್ಲ. ಪಶ್ಚಿಮಕ್ಕೆ ತುಂಗಭದ್ರೆ ದಾಟಬೇಕು, ಹುಬ್ಬಳ್ಳಿ ದಾಟಬೇಕು, ಘಟ್ಟ ಇಳಿಯಬೇಕು. ಆದರೂ ಈ ಸೀಮೆಯವರಿಗೆ ಗೋವಾ ಪರಸ್ಥಳವಲ್ಲ. ಮಳೆ ಕೈಕೊಟ್ಟ ವರ್ಷ ಗಂಟುಮೂಟೆ ಕಟ್ಟಿಕೊಂಡು ದುಡಿಯಲು ಹೋಗುವ ಜಾಗ ಅದು. ಇಲ್ಲಿ ಮಾತಾಡುವ ಇಬ್ಬರಲ್ಲಿ ಒಬ್ಬರು 1972ರ ಬರಕ್ಕೆ ಊರು ಬಿಟ್ಟು ವಾಸ್ಕೊ ಸೇರಿ, ಬಂದರಿನಲ್ಲಿ ಅದಿರಿನ ಕೂಲಿ ಮಾಡಿ, ವಯಸ್ಸಾದ ಮೇಲೆ ಮರಳಿದ ಹಿರಿಯರು. ಇನ್ನೊಬ್ಬಳು ಅವರ ಓಣಿಯದೇ ಹುಡುಗಿ, ಇತಿಹಾಸದಲ್ಲಿ ಎಂ.ಎ. ಓದುತ್ತಿದ್ದಾಳೆ. ಗೋವಾದ ಬಾಂಬೋಲಿಮ್ ದಡಕ್ಕೆ ಹೋಗಿ ಬಂದಿದ್ದಾಳೆ. 1961ರ ಡಿಸೆಂಬರಿನಲ್ಲಿ ಪೋರ್ಚುಗೀಸರ ಯುದ್ಧನೌಕೆಯೊಂದು ಗುಂಡೇಟು ತಿಂದು ಬಂದು ಮರಳು ಹತ್ತಿ ನಿಂತ ದಡ ಅದು. ಮಾತು ನಡೆದದ್ದು ಭೀಮೇಶ್ವರ ಗುಡಿಯ ಕಟ್ಟೆಯ ಮೇಲೆ.

ಅಜ್ಜ: ಬಾಂಬೋಲಿಮ್‌ಗೆ ಹೋಗಿದ್ದಿಯಂತ. ಏನು ಕಂಡಿ?

ಹುಡುಗಿ: ಮರಳು, ತೆಂಗಿನ ಮರ, ಕೆಂಪು ಕಲ್ಲು. ಎದುರಿಗೆ ಜುವಾರಿ ಹೊಳಿ ಕಡಲು ಸೇರೋ ಅಗಲವಾದ ಬಾಯಿ. ಆಚೆ ದಂಡಿಗೆ ನೀವು ದುಡಿದ ಬಂದರು.

ಅಜ್ಜ: ಹಡಗು?

ಹುಡುಗಿ: ಇಲ್ಲ.

ಅಜ್ಜ: ಇಲ್ಲ ಅನ್ನೋದು ಹೋಗೋಕ್ಕಿಂತ ಮುಂಚೆ ಗೊತ್ತಿತ್ತಾ?

ಹುಡುಗಿ: ಗೊತ್ತಿತ್ತು ಅಜ್ಜ. ತೇಲಿಸಿ ಮುಂಬೈಗೆ ಎಳಕೊಂಡು ಹೋಗಿ ಗುಜರಿಗೆ ಮಾರಿಬಿಟ್ಟರು ಅಂತ ಓದಿದ್ದೆ.

ಅಜ್ಜ: ಮತ್ತ ಯಾಕವ್ವ ಹೋದಿ? ದೇವರಿಲ್ಲದ ಗುಡಿಗೆ ಯಾರಾದರೂ ಹಣ್ಣುಕಾಯಿ ಒಯ್ತಾರೇನು?

ಹುಡುಗಿ: ನಾನು ಪೂಜೆಗೆ ಹೋಗಲಿಲ್ಲ. ಆ ದೂರ ಕಣ್ಣಿಂದ ಅಳೀಬೇಕಿತ್ತು. ಪುಸ್ತಕದಲ್ಲಿ ನಾಲ್ಕು ಸಾಲಿನಲ್ಲಿ ಮುಗಿದು ಹೋಗುತ್ತೆ: ಡಿಸೆಂಬರ್ 18, ಮಧ್ಯಾಹ್ನ ಹನ್ನೆರಡರ ಸುಮಾರಿಗೆ ನಮ್ಮ ನೌಕಾಪಡೆಯ ‘ಬೇಟ್ವಾ’, ‘ಬಿಯಾಸ್’ ಅನ್ನೋ ಎರಡು ಹಡಗು ಬಂದರಿನ ಬಾಯಿಗೆ ಬಂದವು, ಶರಣಾಗು ಅಂದವು. ‘ಅಫೊನ್ಸೊ ಡಿ ಅಲ್ಬುಕರ್ಕ್’ ಅನ್ನೋ ಹಡಗು ಶರಣಾಗಲಿಲ್ಲ, ಗುಂಡು ಹಾರಿಸಿತು. ಒಂದು ಗುಂಡು ಹಡಗಿನ ನೆತ್ತಿ ಮೇಲೇ ಸಿಡಿದು ರೇಡಿಯೊ ಅಧಿಕಾರಿ ಸತ್ತ, ಕ್ಯಾಪ್ಟನ್ ಅರಾಗಾಂವ್‌ಗೆ ಭಾರಿ ಗಾಯ ಆಯಿತು. ಅವನ ಕೈಕೆಳಗಿನವನು ಹಡಗನ್ನು ತಿರುಗಿಸಿ ಬಾಂಬೋಲಿಮ್ ಮರಳಿಗೆ ಹತ್ತಿಸಿದ. ಎಲ್ಲಾ ಒಂದು ತಾಸಿನ ಒಳಗೆ. ಇಷ್ಟೇ. ಆದರೆ ದಡದಲ್ಲಿ ನಿಂತಾಗ ತಿಳಿಯುತ್ತೆ, ಅಷ್ಟು ಅಗಲದ ಹೊಳಿಬಾಯಿನೂ ಆ ಹಡಗಿಗೆ ಎಷ್ಟು ಇಕ್ಕಟ್ಟಾಗಿತ್ತು ಅಂತ. ಮುಂದೆ ಎರಡು ಹಡಗು, ಹಿಂದೆ ನೆಲ. ಆಕಾಶದಲ್ಲಿ ಬೆಳಗಿನಿಂದ ವಿಮಾನ. ಅವರಿಗೆ ಓಡಿಹೋಗಾಕ ಜಾಗಾನೇ ಇರಲಿಲ್ಲ.

ಅಜ್ಜ: ಜಾಗ ಇರಲಿಲ್ಲ ಅಂತ ಮರುಗ್ತಿಯಾ? ನಾನೂರೈವತ್ತು ವರ್ಷ ಕೂತಿದ್ದರು ಅಲ್ಲಿ. ಏಳಿ ಅಂದರೆ ಏಳಲಿಲ್ಲ. ಸುಮ್ಮನೆ ಕೈ ಬೀಸಿಕೊಂಡು ಹೋದ ಸತ್ಯಾಗ್ರಹಿಗಳ ಮೇಲೆ 1955ರಾಗ ಗುಂಡು ಹಾರಿಸಿದರು. ನಮ್ಮ ಕರ್ನಾಟಕದವರೂ ಆ ಸತ್ಯಾಗ್ರಹಕ್ಕೆ ಹೋಗಿದ್ದರು. ಅವರ ಹಡಗು ಮರಳಿಗೆ ಬಿತ್ತು ಅಂದ್ರ ನನಗೇನೂ ಸಂಕಟ ಇಲ್ಲ.

ಹುಡುಗಿ: ಗೋವಾ ಬಿಡುಗಡೆ ತಪ್ಪು ಅಂತ ನಾನು ಹೇಳ್ತಿಲ್ಲ. ಆ ದಿನ ಬರಲೇಬೇಕಿತ್ತು. ಆದರೆ ಆ ಹಡಗಿನ ಇನ್ನೊಂದು ಕಥೆ ನಿಮಗೆ ಗೊತ್ತಾ? 1942ರ ನವೆಂಬರಿನಲ್ಲಿ ದಕ್ಷಿಣ ಆಫ್ರಿಕಾದ ಕಡಲಲ್ಲಿ ‘ನೋವಾ ಸ್ಕೋಷಿಯಾ’ ಅನ್ನೋ ಬ್ರಿಟಿಷ್ ಹಡಗಿಗೆ ಜರ್ಮನ್ ಜಲಾಂತರ್ಗಾಮಿ ಹೊಡೀತು. ಅದರಲ್ಲಿ ಸಾವಿರಕ್ಕೂ ಹೆಚ್ಚು ಜನ, ಬಹಳಷ್ಟು ಇಟಲಿಯ ಕೈದಿಗಳು. ಹಲಗಿ ಹಿಡಕೊಂಡು ತೇಲ್ತಿದ್ದವರಲ್ಲಿ ಇನ್ನೂರರ ಆಸುಪಾಸು ಜನರನ್ನು ಎತ್ತಿಕೊಂಡು ಬದುಕಿಸಿದ್ದು ಇದೇ ಅಲ್ಬುಕರ್ಕ್. ನಮ್ಮ ಪಾಲಿಗೆ ಒಂದು ತಾಸಿನ ಶತ್ರು; ಅವರ ಪಾಲಿಗೆ ಜೀವ ಕೊಟ್ಟ ಹಡಗು. ಎರಡೂ ಅದೇ ಕಬ್ಬಿಣ.

ಅಜ್ಜ: (ಸ್ವಲ್ಪ ಹೊತ್ತು ಬಿಟ್ಟು) ಇದು ನನಗೆ ಗೊತ್ತಿರಲಿಲ್ಲ.

ಹುಡುಗಿ: ದಡಕ್ಕೆ ಹೋಗಬೇಕು ಅನ್ನಿಸದಿದ್ದರೆ ನಾನೂ ಇದನ್ನ ಹುಡುಕಿ ಓದ್ತಿರಲಿಲ್ಲ.

ಅಜ್ಜ: ಆತು. ಓದಿದಿ, ತಿಳಕೊಂಡಿ. ಅದಕ್ಕ ಹೋಗೋದು ಯಾಕ ಬೇಕು? ನನ್ನ ಮಾತು ಕೇಳು. ಅದೇ ದಿನ ಅದೇ ಯುದ್ಧದಾಗ ನಮ್ಮ ಕಾರವಾರದ ಎದುರಿಗಿರೋ ಅಂಜದೀವ್ ನಡುಗಡ್ಡೆಗೆ ನಮ್ಮ ನಾವಿಕರು ಇಳಿದರು. ‘ತ್ರಿಶೂಲ್’ ಹಡಗಿನಿಂದ ಇಳಿದರು, ಹಿಂದೆ ‘ಮೈಸೂರು’ ಅನ್ನೋ ದೊಡ್ಡ ಹಡಗು ನಿಂತಿತ್ತು. ಏಳು ಜನ ಸತ್ತರು. ನಮ್ಮ ಹುಡುಗರು! ಆ ನಡುಗಡ್ಡೆ ಈಗ ನೌಕಾನೆಲೆಯ ಸರಹದ್ದಿನಾಗ ಐತಿ. ನೀನಾಗಲಿ ನಾನಾಗಲಿ ಬೇಕಂದಾಗ ಹೋಗಿ ಒಂದು ಹೂವು ಇಟ್ಟು ಬರಾಕ ಆಗೋದಿಲ್ಲ. ನಮ್ಮೋರು ಸತ್ತ ಜಾಗಕ್ಕ ದಾರಿ ಇಲ್ಲ, ಅವರ ಹಡಗು ಬಿದ್ದ ಜಾಗಕ್ಕ ನೀನು ಬಸ್ ಹತ್ತಿ ಹೋಗ್ತಿ. ಇದರಾಗ ನನಗ ಸಮಾಧಾನ ಇಲ್ಲ.

ಹುಡುಗಿ: ಅದು ನನಗೂ ನೋವೇ ಅಜ್ಜ. ಆದರೆ ಒಂದು ಬಾಗಿಲು ಮುಚ್ಚಿದೆ ಅಂತ ತೆರೆದ ಬಾಗಿಲನ್ನೂ ಮುಚ್ಚಬೇಕಾ?

ಅಜ್ಜ: ಮುಚ್ಚಬೇಕು ಅಂತ ಅಲ್ಲ. ಯಾವುದು ಮೊದಲು ಅಂತ.

ಹುಡುಗಿ: ಮೊದಲು, ಆಮೇಲೆ ಅನ್ನೋಷ್ಟರಲ್ಲಿ ಹಡಗುಗಳು ಉಳಿಯಲ್ಲ. ಇದೇ ನನ್ನ ಭಯ. ಜಾವಾ ಸಮುದ್ರದ ಕಥೆ ಕೇಳಿ. 1942ರ ಫೆಬ್ರವರಿಯಲ್ಲಿ ಅಲ್ಲಿ ದೊಡ್ಡ ಕಾಳಗ ಆಯಿತು. ಡಚ್ಚರ ‘ಡಿ ರಾಯ್ಟರ್’, ‘ಜಾವಾ’ ಅನ್ನೋ ಹಡಗುಗಳು ನೂರಾರು ನಾವಿಕರ ಸಮೇತ ತಳ ಸೇರಿದವು. 2016ರಲ್ಲಿ, ಎಪ್ಪತ್ತೈದನೇ ವರ್ಷದ ಸ್ಮರಣೆಗೆ ಅಂತ ಮುಳುಗುಗಾರರು ಇಳಿದು ನೋಡ್ತಾರೆ, ಹಡಗುಗಳೇ ಇಲ್ಲ! ಸಮುದ್ರದ ತಳದಲ್ಲಿ ಹಡಗಿನ ಆಕಾರದ ತಗ್ಗು ಮಾತ್ರ ಇತ್ತು. ಗುಜರಿ ಕಳ್ಳರು ತುಂಡು ತುಂಡು ಮಾಡಿ ಎತ್ತಿಕೊಂಡು ಹೋಗಿದ್ದರು. ಒಳಗಿದ್ದ ಮೂಳೆಗಳ ಗತಿ ಏನಾಯಿತೋ. ಯಾರೂ ಹೋಗಿ ನೋಡದ ಜಾಗಕ್ಕೆ ಹೀಗೇ ಆಗೋದು.

ಅಜ್ಜ: ಕಾನೂನು ಇಲ್ಲೇನು?

ಹುಡುಗಿ: ಯುನೆಸ್ಕೊದ 2001ರ ಒಪ್ಪಂದ ಒಂದಿದೆ. ನೀರಿನಡಿಯಲ್ಲಿ ನೂರು ವರ್ಷ ಇದ್ದದ್ದಕ್ಕೆ ಮಾತ್ರ ಅದು ಅನ್ವಯ. ಮೊದಲ ಮಹಾಯುದ್ಧದ ಹಡಗುಗಳು ಈಚೆಗೆ ಆ ಲೆಕ್ಕಕ್ಕೆ ಸೇರಿದವು. ಎರಡನೆಯದರ ಹಡಗುಗಳಿಗೆ ಇನ್ನೂ ವಯಸ್ಸಾಗಿಲ್ಲ. ವಯಸ್ಸಾಗೋ ತನಕ ಕೊಯ್ಯೋರು ಕಾಯ್ತಾರಾ?

ಅಜ್ಜ: ನೀನು ಕಳ್ಳರು ಅಂತಿ. ನಾನು ಬೇರೆ ಥರ ನೋಡ್ತೀನಿ. ನೀರಿಗಿಳಿದು ಕಬ್ಬಿಣ ಕೊಯ್ದವನ ಹೊಟ್ಟಿ ಎಷ್ಟು ತುಂಬಿರುತ್ತ? ರೊಕ್ಕ ಎಣಿಸಿಕೊಂಡವ ಬೇರೆ ಇರ್ತಾನ. ಗುಜರಾತಿನ ಅಲಂಗ್ ದಡದಾಗ ಹಡಗು ಒಡೆಯೋ ಕೆಲಸಕ್ಕ ಹೋಗೋರೆಲ್ಲ ನಮ್ಮಂಥ ಬಡವರು. ಹಳೇ ಹಡಗು ಒಡೆದು ಕರಗಿಸಿದರ ಒಂದು ಮನಿಗೆ ಕಂಬಿ ಆಗತೈತಿ, ಒಂದು ನೇಗಿಲಿಗೆ ಕುಳ ಆಗತೈತಿ. ಕೊಂದ ಕಬ್ಬಿಣ ಉಣ್ಣಾಕ ಹಾಕಿದರ ನನ್ನ ಕಣ್ಣಿಗೆ ಅದು ಒಳ್ಳೇದ. ನೀನು ಅದನ್ನು ಹಂಗ ತುಕ್ಕು ಹಿಡಿಯಾಕ ಬಿಡಬೇಕು ಅಂತಿ.

ಹುಡುಗಿ: ಒಳಗೆ ಸತ್ತವರು ಇರುವಾಗಲೂ?

ಅಜ್ಜ: ಅದು ಬೇರೆ ಮಾತು. ಸತ್ತವರು ಇದ್ದರ ಮುಟ್ಟಬಾರದು. ಖಾಲಿ ಇದ್ದರ ಮಾರಲಿ. ಬಾಂಬೋಲಿಮ್ ಹಡಗು ಖಾಲಿ ಆಗಿತ್ತಲ್ಲ.

ಹುಡುಗಿ: ಖಾಲಿ ಅನ್ನೋದು ಯಾರ ಲೆಕ್ಕ? ನಿಮ್ಮ ಲೆಕ್ಕದಲ್ಲಿ ‘ಎಮ್ಡೆನ್’ ಏನಾಗುತ್ತೆ ಹೇಳಿ. 1914ರಲ್ಲಿ ನಮ್ಮ ಹರಪನಹಳ್ಳಿ ಯಾವ ಪ್ರಾಂತ್ಯದಲ್ಲಿತ್ತು?

ಅಜ್ಜ: ಮದ್ರಾಸು. ಬಳ್ಳಾರಿ ಜಿಲ್ಲಾ ಪೂರಾ ಮದ್ರಾಸಿಗೆ ಸೇರಿತ್ತು, 1953ರ ತನಕ.

ಹುಡುಗಿ: ಆ ಮದ್ರಾಸಿನ ಮೇಲೆ 1914ರ ಸೆಪ್ಟೆಂಬರ್ 22ರ ರಾತ್ರಿ ಗುಂಡು ಸುರಿಸಿ ಎಣ್ಣೆ ಟ್ಯಾಂಕುಗಳಿಗೆ ಬೆಂಕಿ ಹಚ್ಚಿದ ಜರ್ಮನ್ ಹಡಗು ಎಮ್ಡೆನ್. ಅರ್ಧ ತಾಸಿನ ಕೆಲಸ. ಊರಿಗೆ ಊರೇ ಗಂಟು ಕಟ್ಟಿ ಒಳನಾಡಿಗೆ ಓಡಿತು. ಹೈಕೋರ್ಟಿನ ಗೋಡೆಗೆ ಅದರ ಫಲಕ ಇವತ್ತಿಗೂ ಇದೆ. ಆಮೇಲೆ ನವೆಂಬರ್ 9ರಂದು ಆಸ್ಟ್ರೇಲಿಯಾದ ‘ಸಿಡ್ನಿ’ ಹಡಗು ಅದನ್ನು ಕೋಕೋಸ್ ದ್ವೀಪಗಳ ಹತ್ತಿರ ಹಿಡಿಯಿತು. ಹಡಗು ಮುಳುಗಬಾರದು ಅಂತ ಕ್ಯಾಪ್ಟನ್ ಮುಲ್ಲರ್ ಅದನ್ನ ಉತ್ತರ ಕೀಲಿಂಗ್ ಅನ್ನೋ ನಿರ್ಜನ ನಡುಗಡ್ಡೆಯ ಹವಳದ ಬಂಡೆಗೆ ಹತ್ತಿಸಿದ. ಬಾಂಬೋಲಿಮ್‌ನಲ್ಲಿ ಆದ ಹಾಗೇ. ನೂರಮೂವತ್ತಕ್ಕೂ ಹೆಚ್ಚು ಜನ ಸತ್ತರು. ಆ ಹಡಗನ್ನು 1950ರ ದಶಕದಲ್ಲಿ ಜಪಾನಿನ ಕಂಪನಿಯೊಂದು ಅಲ್ಲೇ ಕೊಯ್ದು ಒಯ್ದಿತು. ಅಲೆಯ ಒಳಗೆ ಒಂದಿಷ್ಟು ತುಣುಕು ಉಳಿದಿವೆ. ಈಗ ಅದು ರಾಷ್ಟ್ರೀಯ ಉದ್ಯಾನ, ಅನುಮತಿ ಇಲ್ಲದೆ ಕಾಲಿಡುವ ಹಾಗಿಲ್ಲ. ಕೊಯ್ದಾಗ ಯಾರೂ ತಡೆಯಲಿಲ್ಲ, ಈಗ ಉಳಿದ ಚೂರಿಗೆ ಕಾವಲು. ಖಾಲಿ ಇತ್ತು ಅಂತ ಆವಾಗ ಬರೆದುಕೊಟ್ಟವರು ಯಾರು?

ಅಜ್ಜ: ಜಪಾನ್ ಅಂದ ಕೂಡಲೇ ನನಗೆ ನನ್ನ ಕೆಲಸ ನೆನಪಾತು. ನಮ್ಮ ಸಂಡೂರು ಗುಡ್ಡದ ಅದಿರು, ಹೊಸಪೇಟಿಯಿಂದ ರೈಲಿನಾಗ ಬಂದು, ಆ ಬಂದರಿನಿಂದ ಜಪಾನಿಗೆ ಹೋಗ್ತಿತ್ತು. ನಮ್ಮ ಗುಡ್ಡದ ಮಣ್ಣು ನನ್ನ ಕೈಯಾಗ, ಕಿವಿಯಾಗ, ಕೆಮ್ಮಿನಾಗ. ಮೈ ತೊಳೆದರ ನೀರು ಕೆಂಪ. ಅಲ್ಲಿ ಹೋಗಿ ಏನಾತು ಅಂತ ನಮಗೆ ಯಾರೂ ಹೇಳಲಿಲ್ಲ. ಕಾರು ಆತೋ, ಹಡಗು ಆತೋ, ಬಂದೂಕು ಆತೋ. ಅದಕ್ಕ ತಂಗಿ, ಕಬ್ಬಿಣ ಕಂಡರ ನನಗೆ ನಿನ್ನಂಗ ಭಕ್ತಿ ಬರೋದಿಲ್ಲ. ಅದನ್ನ ಹೊತ್ತ ಮಂದಿ ಕಣ್ಣಿಗೆ ಬರ್ತಾರ.

ಹುಡುಗಿ: ಹಡಗಿನ ಕಬ್ಬಿಣ ನೋಡಿದಾಗ ನನಗೂ ಅದರಲ್ಲಿ ಇದ್ದವರೇ ಕಣ್ಣಿಗೆ ಬರೋದು. ನಾವಿಬ್ಬರೂ ಒಂದೇ ಹೇಳ್ತಿದ್ದೀವಿ.

ಅಜ್ಜ: ಒಂದೇ ಅಲ್ಲ. ನೀನು ನೋಡಾಕ ಹೋದವಳು. ನಾನು ಹೊತ್ತವನು.

ಈ ಮಾತಿಗೆ ಹುಡುಗಿ ತಕ್ಷಣ ಉತ್ತರ ಕೊಡಲಿಲ್ಲ. ಅದು ಉತ್ತರ ಕೊಡಬಹುದಾದ ಮಾತೂ ಅಲ್ಲ. ನೋಡಲು ಹೋಗುವವರ ಮೇಲೆ ಇರುವ ಆಕ್ಷೇಪಗಳಲ್ಲಿ ಇದೇ ಎಲ್ಲಕ್ಕಿಂತ ಭಾರದ್ದು. ಅವಳು ಬೇರೆ ದಾರಿಯಿಂದ ಬಂದಳು.

ಹುಡುಗಿ: ಅಜ್ಜ, ಹಳೇ ಗೋವಾದ ವಸ್ತುಸಂಗ್ರಹಾಲಯದಲ್ಲಿ ಕದಂಬರ ಕಾಲದ ವೀರಗಲ್ಲು ನೋಡಿದೆ. ನಮ್ಮ ಕಡೆ ವೀರಗಲ್ಲಲ್ಲಿ ಕೆಳಗಿನ ಅಂಕಣದಲ್ಲಿ ಕುದುರೆ, ದನಗಳ ಹಿಂಡು, ಬಿಲ್ಲುಗಾರರು ಇರ್ತಾರಲ್ಲ, ಅಲ್ಲಿ ದೋಣಿ ಕೆತ್ತಿದ್ದಾರೆ! ಸಾಲಾಗಿ ಹುಟ್ಟು ಹಾಕೋರು, ಮೇಲೆ ಕತ್ತಿ ಗುರಾಣಿ ಹಿಡಿದವರು. ಮುಂಬೈಯ ಬೋರಿವಲಿ ಹತ್ತಿರ ಎಕ್ಸರ್‌ನಲ್ಲೂ ಇಂಥವು ಇವೆಯಂತೆ. ನೀರಿನಲ್ಲಿ ಸತ್ತವನಿಗೂ ಮೇಲಿನ ಅಂಕಣದಲ್ಲಿ ಅದೇ ಕೈಲಾಸ, ಅದೇ ಲಿಂಗ. ಅವನ ಹೆಸರು ಇವತ್ತು ಯಾರಿಗೂ ಗೊತ್ತಿಲ್ಲ, ಆದರೂ ನಿಂತು ನೋಡ್ತೀವಿ. ನಾವು ನೋಡಾಕ ಹೋದದ್ದು ತಪ್ಪಾ?

ಅಜ್ಜ: ವೀರಗಲ್ಲು ಬೇರೆ. ಅದನ್ನ ಸತ್ತವನ ಕಡೆಯವರು ಹಾಕಿಸಿದ್ದು. ಅಣ್ಣನಿಗೆ ತಮ್ಮ, ಅಪ್ಪಗ ಮಗ, ಆಳಿಗೆ ಅರಸ. ಊರ ಮುಂದೆ ನಿಲ್ಲಿಸಿ, ಬರ್ರಿ, ನೋಡ್ರಿ ಅಂತ ಕರೆದಿದ್ದು. ಕರೆದ ಮೇಲೆ ಹೋದರ ಅದು ನಂಟಸ್ತನ. ಮುರಿದ ಹಡಗು ಯಾರನ್ನೂ ಕರೆಯೋದಿಲ್ಲ. ಸೋತು ಬಿದ್ದದ್ದನ್ನ ಹೋಗಿ ನೋಡೋದು, ಬಿದ್ದವನ ಮುಖಕ್ಕ ಬ್ಯಾಟರಿ ಬಿಟ್ಟಂಗ.

ಹುಡುಗಿ: ಹಾಗಾದರೆ ಕಾರವಾರದಲ್ಲಿ ಕಡಲ ದಂಡೆ ಮೇಲೆ ‘ಚಪಲ್’ ಹಡಗು ಇಟ್ಟಿದ್ದಾರಲ್ಲ, ಅದು?

ಅಜ್ಜ: ಮೊಮ್ಮಗನ್ನ ಕರಕೊಂಡು ಹೋಗಿದ್ದೆ. ಅದು ಮುಳುಗಿದ್ದಲ್ಲ. 1976ರಾಗ ಸೇವೆಗೆ ಬಂದು, 2005ಕ್ಕ ನಿವೃತ್ತಿ ಆಗಿ, ಮರುವರ್ಷ ದಂಡಿಗೆ ಬಂದು ಕೂತಿದ್ದು. ಚೀಟಿ ತಗೊಂಡು ಒಳಗ ಹೋದಿವಿ. ಹುಡುಗರು ಏಣಿ ಹತ್ತೋದೇನು, ಇಳಿಯೋದೇನು. ನನಗ ಒಂಚೂರೂ ಬೇಜಾರು ಆಗಲಿಲ್ಲ. ಅದು ಕರೆದಿದ್ದಕ್ಕ ನಾವು ಹೋಗಿದ್ದು.

ಹುಡುಗಿ: ಆದರೆ ಅಲ್ಲಿಂದ ಹೊರಗೆ ಬಂದಾಗ ಯುದ್ಧ ಅಂದರೆ ಏನು ಅಂತ ನಿಮ್ಮ ಮೊಮ್ಮಗನಿಗೆ ತಿಳಿಯಿತಾ? ಬಣ್ಣ ಹಚ್ಚಿದ ಕ್ಷಿಪಣಿ ಕೊಳವೆ ನೋಡಿದ, ಫೋಟೊ ತಗೊಂಡ, ದೊಡ್ಡವನಾದ ಮೇಲೆ ಇದರಲ್ಲಿ ಕೂರಬೇಕು ಅಂದಿರ್ತಾನೆ. ಗೆದ್ದು ನಿಂತ ಹಡಗು ಅರ್ಧ ಕಥೆ ಹೇಳುತ್ತೆ. ಮಿಕ್ಕರ್ಧ ಹೇಳೋದು ಒಡೆದ ಹಡಗು. 1971ರ ಡಿಸೆಂಬರ್ 9ರ ರಾತ್ರಿ ದಿಯು ಆಚೆ ಕಡಲಲ್ಲಿ ನಮ್ಮ ‘ಖುಕ್ರಿ’ ಮುಳುಗಿತು. 18 ಅಧಿಕಾರಿಗಳು, 176 ನಾವಿಕರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ. ಕಾರವಾರದ ಹಡಗಿನ ಪಕ್ಕದಲ್ಲಿ ಆ ಕಥೆನೂ ಹೇಳದಿದ್ದರೆ ಮಕ್ಕಳಿಗೆ ನಾವು ಮೋಸ ಮಾಡಿದ ಹಾಗೆ.

ಅಜ್ಜ: ಖುಕ್ರಿಯದು ನೀನೇ ಹೇಳಿದಿ ನೋಡು, ಅದು ನನ್ನ ಮಾತಿಗೆ ಸಾಕ್ಷಿ. ಹಡಗು ಆಳದಾಗ ಐತಿ, ಅದರ ಹತ್ತಿರ ಯಾರೂ ಹೋಗೋದಿಲ್ಲ. ದಿಯು ದಂಡಿ ಮೇಲೆ ಒಂದು ಗುಡ್ಡದಾಗ ಅದರ ಮಾದರಿ ಗಾಜಿನೊಳಗ ಇಟ್ಟಾರ. ಬಂದವರು ಅಲ್ಲಿ ನಿಂತು ಕಡಲ ಕಡೆ ಮುಖ ಮಾಡಿ ಕೈ ಮುಗೀತಾರ. ಸತ್ತವರು ಅವರ ಜಾಗದಾಗ, ನಾವು ನಮ್ಮ ಜಾಗದಾಗ. ನಡುವೆ ಅಷ್ಟು ನೀರು ಇರಲಿ.

ಹುಡುಗಿ: ಹವಾಯಿಯ ಪರ್ಲ್ ಹಾರ್ಬರಿನಲ್ಲಿ ‘ಅರಿಜೋನಾ’ ಮೇಲೆ ಸೇತುವೆ ಥರ ಸ್ಮಾರಕ ಕಟ್ಟಿದ್ದಾರೆ. ಕೆಳಗೆ ನೀರಲ್ಲಿ ಹಡಗು ಕಾಣುತ್ತೆ. ಸತ್ತ 1,177 ಜನರಲ್ಲಿ ಬಹುಪಾಲು ಇನ್ನೂ ಒಳಗೇ ಇದ್ದಾರೆ. ಹಡಗಿನಿಂದ ಇವತ್ತಿಗೂ ಹನಿ ಹನಿ ಎಣ್ಣೆ ಮೇಲೆ ಬರುತ್ತೆ. ಬದುಕುಳಿದ ಕೆಲವರು ಮುಪ್ಪಿನಲ್ಲಿ ಸತ್ತ ಮೇಲೆ ತಮ್ಮ ಬೂದಿಯನ್ನು ಅದೇ ಹಡಗಿನೊಳಗೆ ಇಡಿಸಿಕೊಂಡರು. ನೋಡೋರಿಗೂ ಜಾಗ ಇದೆ, ಮರಳಿ ಹೋಗೋರಿಗೂ ಜಾಗ ಇದೆ. ನೀವು ಹೇಳೋ ದೂರ ಅಲ್ಲೂ ಇದೆ, ಆದರೆ ಅದು ಒಂದು ಆಳಿನ ಎತ್ತರದಷ್ಟು.

ಅಜ್ಜ: ಹಂಗ ಮಾಡಿದರ ನಾನು ಬ್ಯಾಡ ಅನ್ನೋದಿಲ್ಲ. ಬಾಂಬೋಲಿಮ್‌ನಾಗ ಹಂಗೇನಾದರೂ ಕಂಡಿಯೇನು?

ಹುಡುಗಿ: ನಾನು ನಡೆದಷ್ಟು ದೂರ ನನ್ನ ಕಣ್ಣಿಗೆ ಒಂದು ಫಲಕವೂ ಬೀಳಲಿಲ್ಲ. ಅಲ್ಲಿದ್ದವರನ್ನ ಕೇಳಿದೆ. ಹಡಗಾ, ಯಾವ ಹಡಗು ಅಂದರು.

ಅಜ್ಜ: ಆಚೆ ದಂಡಿ ಕಥೆ ಗೊತ್ತಾ ನಿನಗೆ? ನಮ್ಮ ಬಂದರಿನಾಗ ಮುಳುಗಿದ ಜರ್ಮನ್ ಹಡಗುಗಳದ್ದು?

ಹುಡುಗಿ: ‘ಎರೆನ್‌ಫೆಲ್ಸ್’. ಜೊತೆಗೆ ‘ಡ್ರಾಖೆನ್‌ಫೆಲ್ಸ್’, ‘ಬ್ರೌನ್‌ಫೆಲ್ಸ್’, ಇಟಲಿಯ ‘ಅನ್ಫೊರಾ’. 1939ರಲ್ಲಿ ಯುದ್ಧ ಶುರುವಾದಾಗ ಪೋರ್ಚುಗೀಸರದ್ದು ಯಾರ ಪಕ್ಷಕ್ಕೂ ಸೇರದ ಬಂದರು ಅಂತ ಅಲ್ಲಿ ಬಂದು ಅಡಗಿದವು. ಎರೆನ್‌ಫೆಲ್ಸ್‌ನಲ್ಲಿ ಗುಪ್ತ ರೇಡಿಯೊ ಇದೆ, ಅದರಿಂದ ಜಲಾಂತರ್ಗಾಮಿಗಳಿಗೆ ಸುದ್ದಿ ಹೋಗ್ತಿದೆ ಅಂತ ಬ್ರಿಟಿಷರ ಗುಮಾನಿ. 1943ರ ಮಾರ್ಚ್ 9ರ ನಸುಕಿನಲ್ಲಿ ‘ಫೀಬಿ’ ಅನ್ನೋ ಹಳೇ ದೋಣಿಯಲ್ಲಿ ಬಂದು ಹತ್ತಿದರು. ಹತ್ತಿದವರು ಯಾರು ಅಂತೀರಿ? ಕಲ್ಕತ್ತಾದ ನಡುವಯಸ್ಸಿನ ವ್ಯಾಪಾರಿಗಳು, ಕಚೇರಿ ಸಾಹೇಬರು. ಕಲ್ಕತ್ತಾ ಲೈಟ್ ಹಾರ್ಸ್ ಅನ್ನೋ ಹವ್ಯಾಸಿ ದಳದವರು. ಜರ್ಮನ್ನರು ತಮ್ಮ ಹಡಗುಗಳಿಗೆ ತಾವೇ ನೀರು ಬಿಟ್ಟು, ಬೆಂಕಿ ಹಚ್ಚಿ ಮುಳುಗಿಸಿದರು. ಕ್ಯಾಪ್ಟನ್ ಸೇರಿ ಕೆಲವರು ಸತ್ತರು. ಮೂರು ದಶಕ ಅದು ಗುಟ್ಟಾಗಿಯೇ ಇತ್ತು.

ಅಜ್ಜ: ಅದರ ಮೇಲೆ ಒಂದು ಇಂಗ್ಲಿಷ್ ಸಿನಿಮಾ ಬಂತು. ಗೋವಾದಾಗ ಶೂಟಿಂಗ್ ನಡೆದಾಗ ನಾನು ಅಲ್ಲೇ ಇದ್ದೆ.

ಹುಡುಗಿ: ‘ದಿ ಸೀ ವುಲ್ವ್ಸ್’, 1980. ಗ್ರೆಗರಿ ಪೆಕ್ ಇದ್ದದ್ದು.

ಅಜ್ಜ: ಇರಬಹುದು. ಆ ಹಡಗಿಗೆ ಪುಸ್ತಕ ಆತು, ಸಿನಿಮಾ ಆತು. ಈಗ ನನ್ನ ಕಥೆ ಕೇಳು. ಆ ಬಂದರಿನ ಪಕ್ಕದಾಗ ಬೈನಾ ಅಂತ ದಂಡಿ ಐತಿ. ಅಲ್ಲಿ ನಾವಿದ್ದಿವಿ. ಹರಪನಹಳ್ಳಿ, ಹಡಗಲಿ, ಕೊಟ್ಟೂರು, ಗದಗ, ವಿಜಾಪುರ, ಎಲ್ಲಾ ಕಡಿ ಮಂದಿ. ತಗಡಿನ ಮನಿ, ಮಳೆಗಾಲದಾಗ ಕಡಲು ಬಾಗಿಲಿಗೆ ಬರ್ತಿತ್ತು. ಕೂಸು ಹುಟ್ಟಿದ್ದು ಅಲ್ಲಿ, ಹಿರೇರು ಸತ್ತಿದ್ದು ಅಲ್ಲಿ. ಎಲ್ಲಮ್ಮನ ಜಗ ಹೊತ್ತು ಮೆರೆಸಿದ್ದು ಅದೇ ಮರಳಿನ ಮೇಲೆ. ಊರಿನ ಕಡೆ ಕೆಟ್ಟ ಹೆಸರಿನ ದಂಡಿ ಅಂತಿದ್ದರು, ಅಲ್ಲಿ ಬೇರೆ ದಂಧೆನೂ ಇತ್ತು, ಸುಳ್ಳಲ್ಲ. ಆದರೆ ಅದಿರು ಹೊತ್ತು ಬದುಕಿದೋರೂ ಅಲ್ಲೇ ಇದ್ದಿವಿ. 2004ರ ಮಳೆಗಾಲದಾಗ ಬುಲ್ಡೋಜರ್ ಬಂತು. ಆಮೇಲೂ ಬಂತು. ಎಷ್ಟೋ ಮಂದಿ ಪಾತ್ರೆ ಪಗಡ ಮಳೆಯಾಗ ಇಟ್ಟುಕೊಂಡು ಕೂತರು. ಈಗ ಹೋಗಿ ನೋಡಿದರ ಸ್ವಚ್ಛ ಮರಳು. ಅದಕ್ಕ ಸಿನಿಮಾ ಇಲ್ಲ. ಜರ್ಮನ್ ಹಡಗಿನ ಹೆಸರು ನಿನಗ ಬಾಯಿಪಾಠ. ನಮ್ಮ ಓಣಿ ಹೆಸರು?

ಹುಡುಗಿ: ಗೊತ್ತಿಲ್ಲ ಅಜ್ಜ.

ಅಜ್ಜ: ನಿನ್ನ ಬೈಯಾಕತ್ತಿಲ್ಲ. ಹಡಗು ಒಡೆದರ ಇತಿಹಾಸ, ಗುಡಿಸಲು ಒಡೆದರ ಸ್ವಚ್ಛತೆ. ಇದು ನನ್ನ ಎದಿಯಾಗ ಕೂತೈತಿ.

ಹುಡುಗಿ: ಒಂದು ಕೇಳ್ತೀನಿ, ಸಿಟ್ಟಾಗಬೇಡಿ. ನೀವು ಈಗಲೂ ಗೋವಾಕ್ಕೆ ಹೋದಾಗ ಬೈನಾಕ್ಕೆ ಹೋಗ್ತೀರಿ. ಅಮ್ಮ ಹೇಳ್ತಿದ್ದರು.

ಅಜ್ಜ: ಹೋಗ್ತೀನಿ.

ಹುಡುಗಿ: ಅಲ್ಲಿ ಏನಿದೆ?

ಅಜ್ಜ: ಏನೂ ಇಲ್ಲ.

ಹುಡುಗಿ: ಮತ್ತೆ?

ಅಜ್ಜ: ನಾನು ಅಲ್ಲಿ ಇದ್ದವ ತಂಗಿ. ನೀನು ಆ ಹಡಗಿನಾಗ ಇದ್ದಿಯೇನು?

ಹುಡುಗಿ: ಇರಲಿಲ್ಲ. ಆದರೆ ನಿಮ್ಮ ಮೊಮ್ಮಗನೂ ಬೈನಾದಲ್ಲಿ ಇರಲಿಲ್ಲ. ಅವನು ಹೋಗುವ ಹಾಗಿಲ್ಲವಾ? ಮರಿಯಮ್ಮನಹಳ್ಳಿ ಕಡೆ ಮುಳುಗಿದ ಊರಿನವರ ಮೊಮ್ಮಕ್ಕಳು, ಡ್ಯಾಮಿನ ನೀರು ಇಳಿದಾಗ ಹಳೇ ಊರಿನ ಕಲ್ಲು ನೋಡಾಕ ಹೋಗೋದು ತಪ್ಪಾ? ಅಲ್ಲಿ ಇದ್ದವರು ಮಾತ್ರ ಹೋಗಬೇಕು ಅಂದರೆ, ಅವರು ಹೋದ ಮೇಲೆ ಆ ಜಾಗ ಯಾರದ್ದೂ ಅಲ್ಲ. ಬೈನಾದ ಹೆಸರು ಉಳಿಸಾಕ ಅಲ್ಲಿ ಹುಟ್ಟದವರೂ ಹೋಗಬೇಕು. ಬಾಂಬೋಲಿಮ್‌ಗೂ ಹಾಗೇ.

ಅಜ್ಜ: ಮೊಮ್ಮಗ ನನ್ನ ರಕ್ತ. ಪೋರ್ಚುಗಲ್ಲಿನವ ನಿನಗೇನಾಗಬೇಕು?

ಹುಡುಗಿ: ಏನೂ ಆಗಬೇಕಿಲ್ಲ. ಸಾಯೋ ಮುಂಚೆ ಸುದ್ದಿ ಕಳಿಸ್ತಾ ಕೂತಿದ್ದ ಒಬ್ಬ ಮನುಷ್ಯ. ಅಷ್ಟು ಸಾಕಾಗೋದಿಲ್ಲವಾ? ಆಮೇಲೆ ‘ಬೇಟ್ವಾ’ ಹಡಗಿನ ಕಮಾಂಡರ್ ತನ್ನವರ ಜೊತೆ ಆಸ್ಪತ್ರೆಗೆ ಹೋಗಿ, ತಾನು ಗುಂಡು ಹಾರಿಸಿದ ಹಡಗಿನ ಕ್ಯಾಪ್ಟನ್ನನ್ನ ಮಾತಾಡಿಸಿಕೊಂಡು ಬಂದರು. ಅವರಿಗೆ ಅವನು ಯಾವ ನಂಟ? ಗೆದ್ದವರಿಗೇ ಅಷ್ಟು ಮನಸ್ಸಿತ್ತು.

ಅಜ್ಜ: ಅವರದ್ದು ದೊಡ್ಡ ಗುಣ. ಆದರೆ ಅವರು ಹೋಗಿದ್ದು ಬದುಕಿದ್ದವನ ಹತ್ತಿರ. ನೋವು ಕೇಳಿದರ ಅವನು ಹೇಳ್ತಾನ, ಬ್ಯಾಡ ಹೋಗು ಅಂದರೂ ಅಂತಾನ. ಸತ್ತವನು ಬ್ಯಾಡ ಅನ್ನಾಕ ಬರೋದಿಲ್ಲ. ಅದಕ್ಕ ಅವನ ಹತ್ತಿರ ಹೋಗುವಾಗ ಹೆಜ್ಜಿ ಎಣಿಸಿ ಇಡಬೇಕು.

ಹುಡುಗಿ: ಇದನ್ನ ಒಪ್ಪಿಕೊಳ್ತೀನಿ. ಅಲ್ಲಿ ಫೋಟೊ ತೆಗೀಬೇಕು ಅನ್ನಿಸಿತ್ತು. ಯಾವುದರ ಫೋಟೊ ಅಂತ ಕೇಳಿಕೊಂಡು ಫೋನ್ ಒಳಗಿಟ್ಟೆ. ಆದರೆ ಅಲ್ಲಿ ಒಂದು ಕಲ್ಲು ಬೇಕು ಅಜ್ಜ. ವೀರಗಲ್ಲಿನ ಹಾಗೆ. ಕೆಳಗಿನ ಅಂಕಣದಲ್ಲಿ ಮೂರು ಹಡಗು. ನಡುವೆ 1942ರಲ್ಲಿ ನೀರಿನಿಂದ ಎತ್ತಿಕೊಂಡ ಜನ. ಅದರಡಿ ಸತ್ತವನ ಹೆಸರು.

ಅಜ್ಜ: ಮೊದಲು ಅಂಜದೀವಿನ ಏಳು ಮಂದಿ ಹೆಸರು.

ಹುಡುಗಿ: ಅದೇ ಕಲ್ಲಲ್ಲಾ?

ಅಜ್ಜ: ಬ್ಯಾರೆ ಕಲ್ಲಲ್ಲಿ. ಒಂದೇ ಕಲ್ಲಲ್ಲಿ ಇಬ್ಬರನ್ನೂ ಬರೆದರ, ಯಾರು ಯಾಕ ಸತ್ತರು ಅನ್ನೋದು ಅಳಿಸಿ ಹೋಗತೈತಿ. ಒಬ್ಬರು ನಾಡು ಬಿಡಿಸಾಕ ಸತ್ತರು, ಒಬ್ಬ ನಾಡು ಹಿಡಕೊಳ್ಳಾಕ ಸತ್ತ. ಸಾವು ಒಂದೇ ಇರಬಹುದು, ಕಾರಣ ಒಂದೇ ಅಲ್ಲ.

ಹುಡುಗಿ: ಬೇರೆ ಬೇರೆ ಕಲ್ಲು ಹಾಕಿದರೆ ಅವರವರ ಕಡೆಯವರು ಅವರವರ ಕಲ್ಲನ್ನಷ್ಟೇ ಓದಿ ಹೋಗ್ತಾರೆ. ಒಂದೇ ಕಲ್ಲಿದ್ದರೆ ಎರಡೂ ಓದಬೇಕಾಗುತ್ತೆ.

ಅಜ್ಜ: ನೀನು ಕಲಿತವಳು, ಮಾತಿಗೆ ಸೋಲೋದಿಲ್ಲ. ನಾನೂ ಒಪ್ಪೋದಿಲ್ಲ. ಮೂರನೇ ಕಲ್ಲಿನ ಮಾತು ಬಿಟ್ಟಿ.

ಹುಡುಗಿ: ಬೈನಾದ್ದಾ? ಅದರ ಮೇಲೆ ಏನು ಬರೀಬೇಕು ಅಂತ ನನಗೆ ಗೊತ್ತಿಲ್ಲ. ಹೆಸರುಗಳು ನಿಮ್ಮ ಹತ್ತಿರ ಇವೆ. ಹೇಳಿದರೆ ಬರಕೊಳ್ತೀನಿ.

ಅಜ್ಜ: ಇವತ್ತಾ?

ಹುಡುಗಿ: ಪುಸ್ತಕ ತಂದಿದ್ದೀನಿ. ಓಣಿಯ ಹೆಸರಿನಿಂದ ಶುರು ಮಾಡಿ.

ಅಜ್ಜ: ಓಣಿಗೆ ಹೆಸರೇ ಇರಲಿಲ್ಲ ತಂಗಿ. ಮನಿ ಮನಿ ಹೇಳ್ತೀನಿ, ಬರಕೋ. ಕಡಲ ಕಡಿಯಿಂದ ಮೊದಲನೇ ಮನಿ ಹಡಗಲಿಯವರದು. ಗಂಡ ಬಂದರಿನಾಗ ಬಿದ್ದು ಸತ್ತಿದ್ದ, ಹೆಂಡತಿ ಮೂರು ಮಕ್ಕಳನ್ನ ಇಟಕೊಂಡು ಅದೇ ಕೆಲಸಕ್ಕ ನಿಂತಳು…